ಹಿರಿಯರ ಮಣ್ಣಿಗೆ ಒಂದು ದಿನ

ಯುಗಾದಿಯ ಹೊತ್ತಿಗೆ ಕೋಲಾರ ಸೀಮೆಯ ಹೊಂಗೆ ಮರಗಳು ಹೊಸ ಎಲೆ ತೊಟ್ಟು ನಿಂತಿರುತ್ತವೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಬಲಿಯತೊಡಗಿರುತ್ತದೆ. ಹುಣಸೆ ಬಡಿದು ಮುಗಿದಿರುತ್ತದೆ. ಕೆರೆಯಲ್ಲಿ ನೀರಿದ್ದರೆ ಅದು ತೂಬಿನ ಮಟ್ಟಕ್ಕಿಂತ ಕೆಳಗಿಳಿದಿರುತ್ತದೆ. ಹಬ್ಬದ ದಿನ ಹಲವು ಮನೆಗಳಲ್ಲಿ ಗೋಡೆಯ ಬದಿಗೆ ಮಣೆ ಹಾಕಿ, ಅದರ ಮೇಲೆ ಹೊಸ ಬಟ್ಟೆಯಿಟ್ಟು, ಬಾಳೆಲೆಯಲ್ಲಿ ಒಬ್ಬಟ್ಟು, ಪಲ್ಯ, ಅನ್ನ ಬಡಿಸಿ, ಧೂಪ ಹಾಕಿ ಹಿರಿಯರಿಗೆ ಎಡೆ ಇಡುವ ವಾಡಿಕೆಯಿದೆ. ತೆಲುಗು ಮನೆಮಾತಿನವರು ಹೆಚ್ಚಿರುವ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಈ ಹಿರಿಯರಿಗೆ ‘ಪೆದ್ದಲು’ ಎಂದು ಹೆಸರು. ಹೆಸರು ಯಾವುದಾದರೂ ಭಾವನೆ ಒಂದೇ: ಮೊದಲ ತುತ್ತು ಹೋದವರಿಗೆ, ಆಮೇಲೆ ಇರುವವರಿಗೆ.

ಆದರೆ ಆ ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ ಅಂದು ಹೋಗುವವರು ವಿರಳ. ಸತ್ತ ಮೂರನೆಯ ದಿನದ ಹಾಲುತುಪ್ಪಕ್ಕೆ ಹೋಗಿರುತ್ತಾರೆ, ತಿಥಿಯ ದಿನ ಇನ್ನೊಮ್ಮೆ ಹೋಗಿರುತ್ತಾರೆ. ಅಲ್ಲಿಗೆ ಮುಗಿಯಿತು. ಭಾದ್ರಪದದ ಮಹಾಲಯ ಅಮಾವಾಸ್ಯೆಯಲ್ಲಿಯೂ ಎಡೆ ಮನೆಯೊಳಗೇ, ಕಾಗೆಗೆ ಇಡುವ ಅನ್ನ ಮಾಳಿಗೆಯ ಮೇಲೆ. ಊರ ಹೊರಗಿನ ಆ ತುಂಡು ನೆಲವನ್ನು ಮತ್ತೆ ನೋಡುವುದು ಮುಂದಿನ ಸಾವಿನ ದಿನ. ಈ ನಡುವೆ ಅದರ ಮೇಲೆ ಬಳ್ಳಾರಿಜಾಲಿ ಬೆಳೆದಿರಬಹುದು, ಪಕ್ಕದ ಹೊಲದ ಬದು ನಾಲ್ಕು ಮಾರು ಒಳಕ್ಕೆ ಸರಿದಿರಬಹುದು, ಒಂದು ಮೂಲೆಯಲ್ಲಿ ಮಣ್ಣು ತೆಗೆದು ಇಟ್ಟಿಗೆ ಗೂಡಿಗೆ ಸಾಗಿಸಿರಲೂಬಹುದು.

ಇದೇ ಋತುವಿನಲ್ಲಿ ಚೀನಾ ದೇಶದವರು ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಅವರ ಛಿಂಗ್‌ಮಿಂಗ್ ಹಬ್ಬ ಪ್ರತಿ ವರ್ಷ ಏಪ್ರಿಲ್ 4 ಅಥವಾ 5ರ ಆಸುಪಾಸಿನಲ್ಲಿ, ಹಗಲಿರುಳು ಸಮನಾಗುವ ದಿನದಿಂದ ಸುಮಾರು ಹದಿನೈದು ದಿನಕ್ಕೆ ಬರುತ್ತದೆ. ಯುಗಾದಿಗೂ ಅದಕ್ಕೂ ಅನೇಕ ಸಲ ಕೆಲವೇ ದಿನಗಳ ಅಂತರ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ಆ ಎರಡು ವರ್ಷವೂ ಛಿಂಗ್‌ಮಿಂಗ್ ಏಪ್ರಿಲ್ 4ಕ್ಕೆ ಬಂದಿತ್ತು. ‘ತಿಳಿ, ಬೆಳಕು’ ಎಂಬುದು ಆ ಹೆಸರಿನ ಅರ್ಥ. ಅಂದು ಮನೆಮಂದಿಯೆಲ್ಲ ಗುಡ್ಡದ ಮೇಲಿನ ಸಮಾಧಿಗಳಿಗೆ ಹೋಗುತ್ತಾರೆ. ಕಳೆ ಕಿತ್ತು, ಕಸ ಗುಡಿಸಿ, ಕಲ್ಲಿನ ಮೇಲೆ ಮಾಸಿದ ಅಕ್ಷರಗಳಿಗೆ ಮತ್ತೆ ಬಣ್ಣ ತುಂಬಿ, ಅನ್ನ, ಹಣ್ಣು, ಚಹಾ ಇಟ್ಟು ನಮಸ್ಕರಿಸುತ್ತಾರೆ. ಆಮೇಲೆ ಮನೆಗೆ ಓಡುವುದಿಲ್ಲ. ಹೊಸ ಹುಲ್ಲಿನ ಮೇಲೆ ನಡೆದಾಡುತ್ತಾರೆ, ಮಕ್ಕಳು ಗಾಳಿಪಟ ಹಾರಿಸುತ್ತಾರೆ. ‘ಹಸಿರು ತುಳಿಯುವುದು’ ಎಂದು ಈ ನಡಿಗೆಗೆ ಅವರಲ್ಲಿ ಹೆಸರೇ ಇದೆ. ಚೀನಾ ಸರ್ಕಾರ 2008ರಿಂದ ಆ ದಿನವನ್ನು ಸಾರ್ವಜನಿಕ ರಜೆಯಾಗಿ ಮಾಡಿತು. ಅದಕ್ಕೂ ಬಹಳ ಹಿಂದೆ, 1915ರಲ್ಲಿ, ಅಂದಿನ ಗಣರಾಜ್ಯ ಸರ್ಕಾರ ಛಿಂಗ್‌ಮಿಂಗ್ ದಿನವನ್ನೇ ಗಿಡ ನೆಡುವ ದಿನವೆಂದು ಗೊತ್ತುಮಾಡಿತ್ತು. 1928ರಲ್ಲಿ ಅದನ್ನು ಸುನ್ ಯಾತ್ ಸೆನ್ ಅವರು ತೀರಿಕೊಂಡ ದಿನವಾದ ಮಾರ್ಚ್ 12ಕ್ಕೆ ಬದಲಾಯಿಸಲಾಯಿತು. ಸತ್ತವರ ನೆನಪಿನ ದಿನ ಗಿಡ ನೆಡಬೇಕೆಂದು ಒಂದು ಸರ್ಕಾರಕ್ಕೆ ತೋಚಿದ್ದು ಆಕಸ್ಮಿಕವಲ್ಲ. ಸಮಾಧಿ ಇರುವ ಗುಡ್ಡವನ್ನು ಕಡಿಯಲು ಮನಸ್ಸು ಹಿಂಜರಿಯುತ್ತದೆ.

ದೂರದ ಚೀನೀಯರಿಂದ ಇಲ್ಲಿಯ ರೈತರು ಕಲಿಯುವುದೇನಿದೆ ಎಂದು ಕೇಳುವವರಿದ್ದಾರೆ. ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಸಲ್ಮಾನ ನೆರೆಯವರು ಷಾಬಾನ್ ತಿಂಗಳ ಹದಿನೈದನೆಯ ರಾತ್ರಿ, ಶಬೇ ಬರಾತ್‌ನಲ್ಲಿ, ಖಬರಸ್ಥಾನವನ್ನು ಗುಡಿಸಿ ದೀಪ ಹಚ್ಚಿ ಪ್ರಾರ್ಥಿಸುತ್ತಾರೆ. ಚಾಂದ್ರಮಾನದ ಲೆಕ್ಕದಲ್ಲಿ ಆ ರಾತ್ರಿ ಋತುವಿನಿಂದ ಋತುವಿಗೆ ಸರಿಯುತ್ತದೆಯಾದರೂ 2020ರಲ್ಲಿ ಏಪ್ರಿಲ್ ತಿಂಗಳಲ್ಲಿಯೇ ಬಂದಿತ್ತು. ಕೋಲಾರ ಪಟ್ಟಣದಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಇರುವ ಮಕ್ಬರಾ ಇಂದಿಗೂ ಇದೆ. ಚಿನ್ನದ ಗಣಿಯ ಕ್ರೈಸ್ತ ಕುಟುಂಬಗಳು ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು ಹೂವು, ಮೇಣದಬತ್ತಿ ಇಡುತ್ತವೆ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನಕ್ಕೆ ಜ್ಯೇಷ್ಠ ಮಾಸದಲ್ಲಿ ಆರಾಧನೆ ನಡೆಯುತ್ತದೆ. ಸಂತರ ಸಮಾಧಿಗೆ ಹೋಗುವ ಜನ, ಸ್ವಂತ ಅಜ್ಜಿಯ ಗುಡ್ಡೆಗೆ ಮಾತ್ರ ಹೋಗುವುದಿಲ್ಲ ಎಂಬುದೇ ವಿಚಿತ್ರ.

ಇನ್ನೂ ಹಿಂದಕ್ಕೆ ಹೋದರೆ, ಸತ್ತವರನ್ನು ನೆಲದ ಮೇಲೆಯೇ ನೆನೆಯುವ ಸಂಪ್ರದಾಯ ಈ ನಾಲ್ಕು ತಾಲ್ಲೂಕುಗಳಲ್ಲಿ ಇದ್ದಷ್ಟು ದಟ್ಟವಾಗಿ ಬೇರೆಡೆ ಇರುವುದು ಅಪರೂಪ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಪೂರ್ತಿಯಾಗಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ವಿಂಗಡಿಸಿದ ಆ ಪುಟಗಳನ್ನು ತಿರುವಿದರೆ ಪದೇ ಪದೇ ಎದುರಾಗುವುದು ವೀರಗಲ್ಲುಗಳು. ತುರು ಹಿಡಿಯಲು ಬಂದವರೊಡನೆ ಕಾದಿ ಸತ್ತವರು, ಊರಳಿವಿನಲ್ಲಿ ಬಿದ್ದವರು. ಅವರಲ್ಲಿ ಹೆಚ್ಚಿನವರು ಅರಸರಲ್ಲ, ಸಾಮಾನ್ಯ ಊರ ಗಂಡಸರು.

ಈ ಕಲ್ಲುಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸತ್ತವನ ಹೆಸರಿನಲ್ಲಿ ನೆಲ ಬಿಡುತ್ತಿದ್ದರು. ಕಲ್ನಾಡು, ಬಾಳ್ಗಳ್ಚು, ನೆತ್ತರುಕೊಡಗಿ ಎಂಬ ಮಾತುಗಳು ಶಾಸನಗಳಲ್ಲಿ ಬರುವುದು ಇಂತಹ ದತ್ತಿಗಳಿಗೆ. ಊರಿಗಾಗಿ ಸುರಿದ ರಕ್ತಕ್ಕೆ ಊರು ತನ್ನ ಗದ್ದೆಯಲ್ಲಿ ಪಾಲು ಕೊಟ್ಟು ಅವನ ಮನೆಯವರನ್ನು ಸಾಕುತ್ತಿತ್ತು. ಕೆರೆ ಕಟ್ಟಿದವನಿಗೂ ಕೊಡಗಿ ಕೊಡುತ್ತಿದ್ದರು. ಕೆರೆಯ ಕೆಳಗಿನ ಭೂಮಿಯಲ್ಲಿ ಬಿತ್ತುವಟ್ಟವೆಂದು ಒಂದು ಪಾಲು ತೆಗೆದಿಟ್ಟು ಅದರಿಂದ ಕೆರೆಯ ರಿಪೇರಿ ನಡೆಸುತ್ತಿದ್ದರು. ಆವಣಿಯಲ್ಲಿ ನೊಳಂಬರ ಕಾಲದ ತ್ರಿಭುವನಕರ್ತಾರನೆಂಬ ಯತಿಯನ್ನು ಕುರಿತ ಶಾಸನ ಅವನು ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಸ್ಮರಿಸುತ್ತದೆ. ಸತ್ತವನನ್ನು ನೆನೆಯುವಾಗ ಅವನ ಕೆರೆಯನ್ನೂ ಎಣಿಸಿ ಹೇಳಬೇಕೆಂದು ಆ ಕಾಲದವರಿಗೆ ತಿಳಿದಿತ್ತು. ನಿತ್ಯ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಜನ ಉಳಿದದ್ದೇ ಹೀಗೆ ಕೆರೆ ಕಟ್ಟಿ ಸತ್ತವರ ಪುಣ್ಯದಿಂದ.

ಮಾಸ್ತಿಕಲ್ಲುಗಳ ಮಾತು ಬೇರೆ. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರ ಹೆಸರಿನಲ್ಲಿಯೇ ಮಹಾಸತಿಯ ನೆನಪು ಉಳಿದಂತಿದೆ. ಆ ಕಲ್ಲಿನ ಬಳೆ ತೊಟ್ಟ ಕೈಯನ್ನು ತೊಳೆದು ಹೂವಿಡುವವರು ಆ ಹೆಣ್ಣಿಗೆ ಹೂವಿಡಲಿ. ಅವಳನ್ನು ಚಿತೆಗೇರಿಸಿದ ಪದ್ಧತಿಗೆ ಇಡಬೇಕಾಗಿಲ್ಲ.

ಇಂದು ಆ ಕಲ್ಲುಗಳ ಸ್ಥಿತಿ ಏನೆಂದು ಯಾವ ಊರಿನವರನ್ನು ಕೇಳಿದರೂ ಹೇಳುತ್ತಾರೆ. ಕೆಲವು ಮೋರಿಗೆ ಹಾಸುಗಲ್ಲಾದವು, ಕೆಲವು ಬಟ್ಟೆ ಒಗೆಯುವ ಕಲ್ಲಾದವು. ಕೆಲವಂತೂ ನಿಧಿಯ ಆಸೆಗೆ ಬುಡಮೇಲಾದವು. ಬೆಟ್ಟಗಳ ಕತೆ ಅದಕ್ಕಿಂತ ಕಠಿಣ. ಟೇಕಲ್ ಕಡೆಯ ಬಂಡೆಗಳನ್ನು ಕಲ್ಲುಕ್ವಾರಿಗಳು ದಶಕಗಳಿಂದ ಸೀಳುತ್ತ ಬಂದಿವೆ. ಸಿಡಿಮದ್ದಿನ ಸದ್ದಿಗೆ ಒಡೆಯುವ ಬಂಡೆಯ ಜೊತೆ ಅದರ ನೆತ್ತಿಯ ಗುಡಿ, ಪಕ್ಕದ ದೊಣೆ, ಬುಡದ ಸಮಾಧಿ ಇವೂ ಜಲ್ಲಿಯಾಗಿ ಲಾರಿಯೇರುತ್ತವೆ. ಲಾರಿ ಹೋದ ಮೇಲೆ ಉಳಿಯುವ ಗುಂಡಿಯಲ್ಲಿ ಮಳೆನೀರು ನಿಲ್ಲುತ್ತದೆ. ಅದನ್ನು ಕೆರೆ ಎನ್ನಲಾಗುವುದಿಲ್ಲ.

ಗುಂಡುತೋಪುಗಳದೂ ಇದೇ ಪಾಡು. ಹಲವು ಊರುಗಳಲ್ಲಿ ಸ್ಮಶಾನಕ್ಕೂ ಗುಂಡುತೋಪಿಗೂ ನಡುವೆ ಇದ್ದದ್ದು ಒಂದು ಗಾಡಿ ದಾರಿ ಮಾತ್ರ. ಹೆಣ ಹೊತ್ತು ಬಂದವರು ಅಲ್ಲಿನ ಹುಣಸೆ, ಬೇವು, ಹೊಂಗೆಗಳ ನೆರಳಿನಲ್ಲಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂತು. ಹೊಲಕ್ಕೂ ಬಂತು, ಗೋಮಾಳಕ್ಕೂ ಬಂತು. ನೆರೆಯ ತುಮಕೂರು ಜಿಲ್ಲೆಯಲ್ಲಿ 1983ರಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದು ಪ್ರತಿಭಟಿಸಿದರು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಕಳೆದು, ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು.

ಈಗ ಸ್ಮಶಾನದ ನೆಲದ ಮಾತು. ಕಂದಾಯ ದಾಖಲೆಯಲ್ಲಿ ಸ್ಮಶಾನ, ಕೆರೆ, ದಾರಿ, ಹಳ್ಳ ಇವೆಲ್ಲ ‘ಬಿ’ ಖರಾಬಿನಲ್ಲಿ ಬರುತ್ತವೆ. ಸಾರ್ವಜನಿಕರಿಗೆ ಸೇರಿದ್ದು, ಯಾರಿಗೂ ಮಂಜೂರು ಮಾಡುವಂತಿಲ್ಲದ್ದು ಎಂದು ಅರ್ಥ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೆಯ ಕಲಂ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನನ್ನು ಕಾಯ್ದಿರಿಸಲು ಅವಕಾಶ ಕೊಟ್ಟಿದೆ. ಊರೊಟ್ಟಿನ ನೆಲಗಳ ಒತ್ತುವರಿ ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2019ರಲ್ಲಿ ಆದೇಶಿಸಿತು. ಆದೇಶ ಪಾಲನೆಯಾಗಿಲ್ಲವೆಂದು ಆಮೇಲೆ ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು. ಕಾನೂನಿಗೆ ಕೊರತೆಯಿಲ್ಲ. ಕೊರತೆಯಿರುವುದು ವರ್ಷಕ್ಕೊಮ್ಮೆಯಾದರೂ ಹೋಗಿ ಹದ್ದಿನ ಕಲ್ಲು ಇದ್ದಲ್ಲೇ ಇದೆಯೇ ಎಂದು ನೋಡುವ ಕಣ್ಣಿಗೆ.

ಜಾಗವೇ ಇಲ್ಲದವರ ಕಷ್ಟವನ್ನು ಇಲ್ಲಿ ಮರೆಯುವಂತಿಲ್ಲ. ಒಕ್ಕಲು ಮನೆಯವರು ಸ್ವಂತ ಹೊಲದ ಮೂಲೆಯಲ್ಲಿ ಹೂಳುತ್ತಾರೆ. ಹೊಲವಿಲ್ಲದವರು ಎಲ್ಲಿ ಹೂಳಬೇಕು? ದಲಿತ ಕೇರಿಗಳ ಹೆಣಗಳು ಬಹುಕಾಲದಿಂದ ಹೋಗಿದ್ದು ಕೆರೆಯಂಗಳದ ಅಂಚಿಗೆ, ಹಳ್ಳದ ದಡಕ್ಕೆ. ಕೆರೆ ಬತ್ತಿದ್ದಷ್ಟು ಕಾಲ ಅದು ನಡೆಯಿತು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆ. ಸಿ. ವ್ಯಾಲಿ ಯೋಜನೆಯಡಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳ ನಂತರ ಕೆರೆಗಳು ಕೋಡಿ ಬಿದ್ದವು. ಕೆರೆ ತುಂಬಿದ್ದಕ್ಕೆ ಎಲ್ಲರೂ ಬಾಗಿನ ಬಿಟ್ಟರು. ಆ ನೀರಿನ ಕೆಳಗೆ ಅಜ್ಜ ಅಜ್ಜಿಯರನ್ನು ಕಳೆದುಕೊಂಡವರ ಮಾತು ಯಾರ ಭಾಷಣದಲ್ಲಿಯೂ ಬರಲಿಲ್ಲ. ಕೆರೆಯಂಗಳ ಕೆರೆಗೇ ಸೇರಬೇಕು ಎಂಬ ಮಾತಿನಲ್ಲಿ ಎರಡಿಲ್ಲ. ಹಾಗಿದ್ದರೆ ಅಲ್ಲಿ ಹೂಳುತ್ತಿದ್ದವರಿಗೆ ಒಣ ನೆಲದಲ್ಲಿ, ದಾರಿಯಿರುವಲ್ಲಿ, ಒಂದು ಎಕರೆಯನ್ನಾದರೂ ಊರು ಎದ್ದು ನಿಂತು ಕೇಳಬೇಕು. ಪರಿಸರದ ಹೋರಾಟ ಕೆರೆಯ ಅಂಚಿನ ಹದ್ದು ಗುರುತಿಸಿ, ಈ ಪ್ರಶ್ನೆಯನ್ನು ಬೇರೆಯವರಿಗೆ ಬಿಟ್ಟರೆ ಅದು ಅರ್ಧ ಹೋರಾಟ.

ಚೀನಾದಲ್ಲಿಯೂ ಈ ಜಗಳ ಇಲ್ಲದೆ ಇಲ್ಲ. 2012ರಲ್ಲಿ ಹೆನಾನ್ ಪ್ರಾಂತದ ಝೌಕೌ ಎಂಬಲ್ಲಿ ಉಳುಮೆಗೆ ನೆಲ ಬೇಕೆಂದು ಆಡಳಿತವು ಲಕ್ಷಾಂತರ ಸಮಾಧಿಗಳನ್ನು ನೆಲಸಮ ಮಾಡಿಸಿತು. ದೇಶದಾದ್ಯಂತ ಆಕ್ರೋಶವೆದ್ದಿತು, ಮುಂದಿನ ವರ್ಷ ಊರಿಗೆ ಮರಳಿದ ಜನ ಅವೆಷ್ಟನ್ನೋ ಮತ್ತೆ ಕಟ್ಟಿಕೊಂಡರು. ಹೊಟ್ಟೆಗೆ ಬೇಕಾದ ನೆಲಕ್ಕೂ ನೆನಪಿಗೆ ಬೇಕಾದ ನೆಲಕ್ಕೂ ಲೆಕ್ಕ ಹೊಂದಿಸುವುದು ಎಲ್ಲಿಯೂ ಸುಲಭವಲ್ಲ. ಆದರೆ ಆ ಲೆಕ್ಕವನ್ನು ಊರಿನವರನ್ನು ಕೂರಿಸಿಕೊಂಡು ಹಾಕಬೇಕು, ಬುಲ್ಡೋಜರ್ ತಂದು ಹಾಕುವಂತಿಲ್ಲ.

ಛಿಂಗ್‌ಮಿಂಗ್‌ನಲ್ಲಿ ತೆಗೆದುಕೊಳ್ಳಬಾರದ ಅಂಶವೂ ಒಂದಿದೆ, ಅದು ಬೆಂಕಿ. ಸತ್ತವರಿಗೆ ಪರಲೋಕದಲ್ಲಿ ಖರ್ಚಿಗಾಗಲಿ ಎಂದು ಅವರು ಕಾಗದದ ಹಣ ಸುಡುತ್ತಾರೆ. ಹಾಂಗ್‌ಕಾಂಗಿನ ಗುಡ್ಡಗಳಲ್ಲಿ ಈ ಹಬ್ಬದ ದಿನಗಳಲ್ಲಿ ಕಾಳ್ಗಿಚ್ಚಿನ ಭಯದಿಂದ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಲೇ ಇರಬೇಕಾಗುತ್ತದೆ. ಈ ಹಬ್ಬಕ್ಕೆ ಹೊಂದಿಕೊಂಡೇ ಇದ್ದ ‘ತಣ್ಣನೆಯ ಊಟ’ದ ಹಬ್ಬದ ಹಿಂದೆ ಒಂದು ಐತಿಹ್ಯವಿದೆ. ಜಿನ್ ದೇಶದ ದೊರೆಗೆ ಕಷ್ಟಕಾಲದಲ್ಲಿ ಬೆಂಬಲವಾಗಿದ್ದ ಜಿಯೇ ಝಿತುಯಿ ಎಂಬವನು, ದೊರೆಗೆ ಒಳ್ಳೆಯ ದಿನ ಬಂದಾಗ ಪದವಿ ಬೇಡವೆಂದು ತಾಯಿಯೊಡನೆ ಮಿಯೆನ್ ಬೆಟ್ಟದ ಕಾಡು ಸೇರಿದನಂತೆ. ಅವನನ್ನು ಹೊರಗೆ ಬರಿಸಲು ದೊರೆ ಕಾಡಿಗೇ ಬೆಂಕಿ ಇಡಿಸಿದ. ತಾಯಿ ಮಗ ಇಬ್ಬರೂ ಸುಟ್ಟುಹೋದರು. ಪಶ್ಚಾತ್ತಾಪಪಟ್ಟ ದೊರೆ ಅವರ ನೆನಪಿನ ದಿನ ಯಾರೂ ಒಲೆ ಹಚ್ಚಬಾರದೆಂದು ಕಟ್ಟುಮಾಡಿದನಂತೆ. ಪ್ರತಿ ವರ್ಷ ಫಾಲ್ಗುಣ, ಚೈತ್ರಗಳಲ್ಲಿ ಕೋಲಾರದ ಶತಶೃಂಗ ಬೆಟ್ಟದ ಮೇಲೆ ರಾತ್ರಿ ಕೆಂಪು ಗೆರೆ ಎಳೆದಂತೆ ಉರಿಯುವ ಬಾದೆಹುಲ್ಲನ್ನು ನೋಡಿದವರಿಗೆ ಈ ಕತೆ ಪರಕೀಯವೆನಿಸದು. ಹೊಸ ಹುಲ್ಲು ಬರಲೆಂದು ಇಟ್ಟ ಕಿಡಿ, ಬೀಡಿಯ ತುಂಡು, ಕಾರಣ ಯಾವುದೇ ಇರಲಿ, ಸುಡುವುದು ಆ ವರ್ಷದ ಎಳೆ ಸಸಿಗಳೆಲ್ಲವೂ. ಆ ಬೆಟ್ಟದ ಹೊಟ್ಟೆಯಿಂದ ಜಿನುಗುವ ಅಂತರಗಂಗೆಗೆ ನೀರು ಬರುವುದು ಮೇಲಿನ ಕಾಡು ಹಿಡಿದಿಟ್ಟ ಮಳೆಯಿಂದ. ಆದುದರಿಂದ ಸ್ಮಶಾನದ ಪೊದೆಯನ್ನು ಕತ್ತಿ, ಕೊಡಲಿಯಿಂದ ಕಡಿಯಬೇಕೇ ಹೊರತು ಬೆಂಕಿ ಹಚ್ಚಿ ಒಂದೇ ಗಳಿಗೆಯಲ್ಲಿ ಕೆಲಸ ಮುಗಿಸಬಾರದು. ತಂದ ಹೂವಿನ ಜೊತೆ ಪ್ಲಾಸ್ಟಿಕ್ ಹಾರವನ್ನೂ, ತೆರೆದ ಪೊಟ್ಟಣಗಳನ್ನೂ ಬಿಟ್ಟುಬಂದರೆ ಅದೂ ಹಿರಿಯರ ತಲೆಯ ಮೇಲೆ ಕಸ ಸುರಿದಂತೆಯೇ.

ಮೈಲಿಗೆಯ ಪ್ರಶ್ನೆ ಬರುತ್ತದೆ. ಹಬ್ಬದ ದಿನ ಸ್ಮಶಾನಕ್ಕೆ ಕಾಲಿಡುವುದೇ ಎಂದು ಅಜ್ಜಿಯರು ಗದರುತ್ತಾರೆ. ಹೆಂಗಸರು ಅಲ್ಲಿಗೆ ಹೋಗಬಾರದೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಈ ಆಕ್ಷೇಪವನ್ನು ತಳ್ಳಿಹಾಕುವ ಅಗತ್ಯವಿಲ್ಲ, ದಾರಿಯಿದೆ. ಯುಗಾದಿಯ ದಿನ ಎಡೆ, ಬೇವುಬೆಲ್ಲ ಮನೆಯಲ್ಲೇ ಆಗಲಿ. ಮರುದಿನ ಹೊಸತೊಡಕು. ಮಾಂಸದ ಅಡುಗೆ, ಬಂಧುಗಳ ಓಡಾಟ, ಎಷ್ಟೋ ಊರುಗಳಲ್ಲಿ ಇಸ್ಪೀಟಿನ ಕಟ್ಟು ಬಿಚ್ಚುವ ದಿನ. ಪಟ್ಟಣ ಸೇರಿದ ಮಕ್ಕಳು ಮೊಮ್ಮಕ್ಕಳು ಊರಲ್ಲಿರುವ ದಿನವೂ ಅದೇ. ಅಂದು ಬೆಳಗ್ಗೆ ಬಿಸಿಲೇರುವ ಮುನ್ನ ಎರಡು ಗಂಟೆ ಸಾಕು. ಕುಡುಗೋಲು, ಗುದ್ದಲಿ, ಹಾರೆ ಹಿಡಿದು ಮನೆಗೊಬ್ಬರು ಹೋದರೂ ಸಾಲುತ್ತದೆ. ಬಂದು ಸ್ನಾನ ಮಾಡಿ ಊಟಕ್ಕೆ ಕೂರಬಹುದು. ಹೆಂಗಸರು ಹೋಗಬೇಕೋ ಬೇಡವೋ ಎಂಬುದನ್ನು ಹೆಂಗಸರೇ ತೀರ್ಮಾನಿಸಲಿ. ಕಳೆ ಕಿತ್ತು ಅಭ್ಯಾಸವಿರುವ ಕೈಗಳು ಅವರವೇ.

ಚೈತ್ರದಲ್ಲಿ ಗಿಡ ನೆಟ್ಟರೆ ಒಣಗುತ್ತದೆ. ಅಂದು ಗುಂಡಿ ತೋಡಿ ಬಿಟ್ಟರೆ ಬಿಸಿಲಿಗೆ ಮಣ್ಣು ಹದವಾಗುತ್ತದೆ, ಭರಣಿ ಮಳೆ ಬಂದರೆ ನೆನೆಯುತ್ತದೆ. ಮುಂಗಾರು ಹಿಡಿದ ಮೇಲೆ ಹೊಂಗೆ, ಬೇವು, ಹುಣಸೆ, ನೇರಳೆ, ಹತ್ತಿ ನೆಡಬಹುದು. ಒಬ್ಬೊಬ್ಬ ಹಿರಿಯರ ಹೆಸರಿಗೆ ಒಂದೊಂದು ಗುಂಡಿಯೆಂದರೆ ನೀರು ಹಾಕುವವರು ತಾವಾಗಿಯೇ ಹುಟ್ಟುತ್ತಾರೆ. ಮೇಕೆಗೆ ಬಾಯಿ ಹಾಕಲು ಬಿಡದಷ್ಟು ಮುಳ್ಳು ಕಟ್ಟಬೇಕು ಎಂಬುದನ್ನು ಬೆಟ್ಟದ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಬೇರೆಯೇ ಕೆಲಸವಿದೆ. ಊರಿನ ವೀರಗಲ್ಲು, ಮಾಸ್ತಿಕಲ್ಲುಗಳು ಎಲ್ಲೆಲ್ಲಿವೆಯೆಂದು ಒಂದು ನೋಟುಬುಕ್ಕಿನಲ್ಲಿ ನಕ್ಷೆ ಬರೆಯುವುದು. ಸೀಮೆಸುಣ್ಣ, ಎಣ್ಣೆ, ಬಣ್ಣ ಬಳಿಯದೆ ಬರಿಯ ನೀರಿನಿಂದ ತೊಳೆದು, ಓರೆ ಬಿಸಿಲಿನಲ್ಲಿ ಫೋಟೋ ತೆಗೆಯುವುದು. ಅದರ ಪಾಠ ರೈಸರ ಸಂಪುಟದಲ್ಲಿ ಇದೆಯೇ ಎಂದು ಹುಡುಕುವುದು. ನೂರು ವರ್ಷದ ಹಿಂದೆ ಅಚ್ಚಾದ ಕಲ್ಲು ಈಗ ಊರಿನಲ್ಲಿ ಇಲ್ಲವೆಂದಾದರೆ ಅದನ್ನೂ ಬರೆದಿಡಬೇಕು. ಗ್ರಾಮದ ನಕಾಶೆಯ ಪ್ರತಿ ತಂದು ಸ್ಮಶಾನ, ಗುಂಡುತೋಪು, ಕೆರೆ, ರಾಜಕಾಲುವೆಗಳ ಸರ್ವೆ ನಂಬರುಗಳನ್ನು ಗುರುತಿಸಿ, ಪಹಣಿಯಲ್ಲಿರುವ ವಿಸ್ತೀರ್ಣವನ್ನೂ ನೆಲದ ಮೇಲೆ ಉಳಿದಿರುವುದನ್ನೂ ಪಕ್ಕಪಕ್ಕ ಬರೆದರೆ ಒಂದು ಪುಟ ಆಗುತ್ತದೆ. ಆ ಪುಟವನ್ನು ಲಗತ್ತಿಸಿ, ಹದ್ದುಬಸ್ತು ಮಾಡಿಕೊಡಬೇಕೆಂದು ತಹಶೀಲ್ದಾರರಿಗೆ ಬರೆಯುವ ಅರ್ಜಿಗೆ ಸಹಿ ಹಾಕಲು ಹೊಸತೊಡಕಿನ ಬೆಳಗ್ಗೆಗಿಂತ ಹೆಚ್ಚು ಜನ ಒಂದೇ ಕಡೆ ಸಿಗುವ ದಿನ ಇನ್ನೊಂದಿಲ್ಲ. ಅರ್ಜಿ ಮಳೆಗಾಲಕ್ಕೆ ಮುನ್ನ ಕಚೇರಿ ತಲುಪಬೇಕು. ಮಳೆ ಬಿದ್ದು ಉಳುಮೆ ಆರಂಭವಾದ ಮೇಲೆ ನೇಗಿಲಿನ ಗೆರೆ ಮತ್ತೆರಡು ಮಾರು ಒಳಗೆ ಬಂದಿರುತ್ತದೆ.